ನೀಲಿ ಬಾಗಿಲಿನ ಪುಟ

ಮಾರ್ಚ್ 3

ಬೀಗದಂಗಡಿ ತೆಗೆದು, ಧೂಳು ಹೊಡೆದು, ಫೋನಿನ ಮುಂದೆ ಕೂತೆ. ಮತ್ತೆ ಅದೇ ಗೋಳು. ವೆಬ್‌ಸೈಟ್ ನೋಡಿ ಫೋನ್ ಮಾಡಿದವರಲ್ಲಿ ಒಬ್ಬನಿಗೆ ಕೀ ಇಲ್ಲದೆ ಸೈಕಲ್ ಬೀಗ ತೆಗೆಯುವುದು ಹೇಗೆಂದು ಗೊತ್ತಾಗಬೇಕಂತೆ. ಸೈಕಲ್ ಯಾರದು ಎಂದರೆ ಕಟ್. ಇನ್ನೊಬ್ಬಳು ಬೀಗಗಳ ಇತಿಹಾಸದ ಮೇಲೆ ಪ್ರಬಂಧ ಬರೆಯುತ್ತಿದ್ದಾಳೆ. ಬೀಗ ಹಾಕಿಸುವವರು ಒಬ್ಬರೂ ಇಲ್ಲ.

ಜಾಹೀರಾತು ಮಾಡುವುದು ಕಲಿಸುವ ಆನ್‌ಲೈನ್ ಕ್ಲಾಸಿನ ಮೇಷ್ಟ್ರು ನಿನ್ನೆ ಹೇಳಿದ್ದು ಸರಿ. "ಸಂತೆ ಸೇರಿಸ್ಬೇಡಿ ಮೇಡಂ. ಬೇಕಾದವ್ರು ಮಾತ್ರ ಬರೋ ಹಾಗೆ ಮಾಡಿ. ಕ್ವಾಲಿಫೈಡ್ ವಿಸಿಟರ್ಸ್!" ಇವರಿಗೆ ಹೇಳಿದೆ. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ, "ಬೀಗ ಕೊಳ್ಳೋಕೂ ಡಿಗ್ರಿ ಬೇಕಾ?" ಎಂದರು. ಇಪ್ಪತ್ತು ವರ್ಷದ ಸಂಸಾರ. ಜೋಕು ಸುಧಾರಿಸಿಲ್ಲ.

ಮಾರ್ಚ್ 6, ಮಧ್ಯಾಹ್ನ

ಮೇಷ್ಟ್ರ ಹೊಸ ಪಾಠ — ಕಂಪನಿ ಫೋಟೋ ಯಾರೂ ನಂಬುವುದಿಲ್ಲ. ನಿಜವಾದ ಮನೆ, ನಿಜವಾದ ಬಾಗಿಲು, ಬಡಾವಣೆಯ ಹೆಸರು, ಎರಡು ಸಾಲು ಕಥೆ. ಇವರು ಕೆಲಸ ಮುಗಿಸಿದ ಮೇಲೆ ಪ್ರತಿ ಬಾಗಿಲಿನ ಫೋಟೋ ತೆಗೆಯುತ್ತಾರೆ, ಯಾವ ಬೀಗ ಹಾಕಿದ್ದು ಎಂದು ನೆನಪಿಗೆ. ಇವರು ಊಟಕ್ಕೆ ಕೂತಾಗ ಫೋನ್ ಎತ್ತಿಕೊಂಡು ಜಾಲಾಡಿದೆ. ಎಲ್ಲಾ ಬಾಗಿಲೂ ಬಾಗಿಲಿನ ಹಾಗೇ ಇವೆ. ಒಂದು ಮಾತ್ರ ಕಣ್ಣಿಗೆ ಬಿತ್ತು. ನೀಲಿ ಬಾಗಿಲು, ಮೇಲೊಂದು ಕೆಳಗೊಂದು ಬೀಗ, ಪಕ್ಕದಲ್ಲಿ ಮಕ್ಕಳು ಕಾಲಲ್ಲಿ ತಳ್ಳಿ ಓಡಿಸುವ ಸ್ಕೂಟರ್, ಹಿಡಿಗೆ ಹಳದಿ ಟೇಪ್.

"ಇದು ಯಾರ ಮನೆ?"

"ಹೊಲಿಗೆಯವಳದು. ಲಾಂಡ್ರಿ ಮೇಲಿನ ಮನೆ. ಹೊಸದಾಗಿ ಬಂದಿದಾಳೆ, ಮಗಳ ಜೊತೆ ಒಬ್ಳೇ."

ಸಾಕು. ಬರೆದೆ — 'ಮಗಳೊಂದಿಗೆ ಒಂಟಿಯಾಗಿರುವ ತಾಯಿಗೆ ನೆಮ್ಮದಿಯ ನಿದ್ದೆ.' ಚೆನ್ನಾಗಿದೆ. ನಾನೇ ಎರಡು ಸಲ ಓದಿಕೊಂಡೆ. ಸ್ಕೂಟರ್ ಕತ್ತರಿಸೋಣ ಎಂದುಕೊಂಡೆ... ಬೇಡ, ಮನೆ ಅನ್ನಿಸಲಿ.

ಜಾಹೀರಾತು ಯಾರಿಗೆ ಕಾಣಬೇಕು? ಅದಕ್ಕೂ ಮೇಷ್ಟ್ರ ಉಪಾಯ. ಹೊಸ ಊರಿಗೆ ಬರುವವರು ಮೊದಲು ಬದಲಿಸುವುದು ಬೀಗ. ಆದ್ದರಿಂದ ಬೇರೆ ಊರಿನಲ್ಲಿ ಕೂತು ನಮ್ಮೂರಿನ ಬಾಡಿಗೆ ಮನೆ, ಸ್ಕೂಲು ಹುಡುಕುತ್ತಿರುವವರಿಗೆ ಮಾತ್ರ ತೋರಿಸಿ. ತಲೆ ಎಂದರೆ ತಲೆ. ಹಾಗೇ ಮಾಡಿದೆ.

ಮಾರ್ಚ್ 11

ಬಿತ್ತು ಮೀನು! ವೆಬ್‌ಸೈಟಿನ ಲೆಕ್ಕ ತೋರಿಸುತ್ತಿದೆ, ಬೇರೆ ಊರಿನವರೊಬ್ಬರು ನೀಲಿ ಬಾಗಿಲಿನ ಪುಟಕ್ಕೆ ಬಂದವರು ಹೋಗುವುದೇ ಇಲ್ಲ. ನಿನ್ನೆ ಬಂದರು, ಇವತ್ತು ಬೆಳಿಗ್ಗೆ ಬಂದರು, ಈಗಲೂ ಇದ್ದಾರೆ. ಬೆಲೆಯ ಪುಟ ನೋಡಿಲ್ಲ. ಬರೀ ಫೋಟೋ, ದೊಡ್ಡದು ಮಾಡಿ ಮಾಡಿ. ಮೇಷ್ಟ್ರಿಗೆ ಕಳಿಸಿದೆ. "ಸೂಪರ್! ಇದೇ ಹಾಟ್ ಲೀಡ್, ಕೊಳ್ಳೋ ಗಿರಾಕಿ. ಫೋನ್ ಬರುತ್ತೆ, ರೆಡಿ ಇರಿ."

ಅತ್ತೆಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು, "ಹೆಣ್ಣು ನೋಡೋಕೆ ಬಂದೋರೂ ಇಷ್ಟು ಹೊತ್ತು ನೋಡಲ್ಲ ಕಣೇ" ಎಂದರು. ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ಮಾರ್ಚ್ 13, ಬೆಳಿಗ್ಗೆ

ಬಂತು ಫೋನ್! ಎಂಥ ಮರ್ಯಾದಸ್ಥ. ಮೆತ್ತಗಿನ ದನಿ. ನಮ್ಮೂರಿಗೆ ಬರುತ್ತಿದ್ದಾರಂತೆ, ಮಗಳಿಗೆ ಸ್ಕೂಲ್ ನೋಡುತ್ತಿದ್ದಾರಂತೆ.

"ಆ ನೀಲಿ ಬಾಗಿಲಿನ ಏರಿಯಾ ಚೆನ್ನಾಗಿದ್ಯಾ ಮೇಡಂ? ಯಾವ ರಸ್ತೆ ಅದು?"

ಹೇಳಿದೆ. ಸೇತುವೆ ದಾಟಿ ಎಡಕ್ಕೆ, ಲಾಂಡ್ರಿ ಮೇಲೆ.

"ಅಲ್ಲಿಯ ಮಕ್ಕಳು ಯಾವ ಸ್ಕೂಲಿಗೆ ಹೋಗ್ತಾರೆ?"

ಅದನ್ನೂ ಹೇಳಿದೆ. ಇರುವುದೇ ಒಂದು. ಬಿಡುವ ಹೊತ್ತು ಕೇಳಿದರು, ಅದೂ ಗೊತ್ತಿತ್ತು.

"ಆ ಬೀಗ ಕೀ ಇಲ್ದೆ ಹೊರಗಿಂದ ತೆಗೆಯೋಕೆ ಆಗುತ್ತಾ?"

"ದೇವ್ರಾಣೆ ಆಗಲ್ಲ ಸರ್. ಒಳಗಿರೋರೇ ತೆಗೀಬೇಕು."

"ಸರಿ, ಸರಿ. ಫೋಟೋ ಚೆನ್ನಾಗಿ ಬಂದಿದೆ. ಸ್ಕೂಟರ್‌ಗೆ ಟೇಪ್ ಇನ್ನೂ ಹಾಗೇ ಇದೆ" ಎಂದು ನಕ್ಕರು. ನಾನೂ ನಕ್ಕೆ. ಈ ವಾರವೇ ಬರುತ್ತಾರಂತೆ. ಇವರಿಗೆ ಹೇಳಿ ಹೊಟ್ಟೆ ಉರಿಸಬೇಕು.

ಅದೇ ದಿನ, ಸಂಜೆ

'ಇನ್ನೂ' ಎಂದನಲ್ಲ.

ಲೆಕ್ಕ ಬರೆಯುತ್ತಾ ಕೂತಿದ್ದೆ, ಆ ಮಾತು ನೆನಪಾಯಿತು. ಇನ್ನೂ ಹಾಗೇ ಇದೆ. ಮೊದಲು ನೋಡದವನು ಹಾಗೆ ಹೇಳುತ್ತಾನೆಯೇ?

ಇವರು ಬಂದ ಕೂಡಲೇ ಕೇಳಿದೆ. ಚೀಲ ಕೆಳಗಿಡದೆ ನಿಂತೇ ಹೇಳಿದರು. "ಗಂಡನಿಂದ ತಪ್ಪಿಸ್ಕೊಂಡು ಬಂದಿರೋಳು ಅವಳು. ಬೀಗ ಹಾಕೋವಾಗ ಕಿಟಕಿ ಹತ್ರಾನೇ ನಿಂತಿದ್ಲು, ರಸ್ತೆ ನೋಡ್ತಾ. ಯಾಕೆ?"

ಪುಟ, ಫೋನು ಎಲ್ಲ ಹೇಳಿದೆ. "ನಂಗ್ಯಾಕೆ ಮೊದ್ಲೇ ಹೇಳ್ಲಿಲ್ಲ?"

"ಕೆಲಸಕ್ಕೆ ಹೋದ ಮನೆಯವ್ರ ಗುಟ್ಟು ನಾನ್ಯಾವತ್ತು ಹೇಳಿದೀನಿ? ಫೋಟೋ ಹಾಕೋ ಮುಂಚೆ ನೀನು ಒಂದು ಮಾತು ಕೇಳ್ಬಾರ್ದಿತ್ತಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪುಟ ಅಳಿಸಿದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಆ ನಂಬರಿಗೆ ಮಾಡಿದರೆ ಸ್ವಿಚ್ ಆಫ್. ಅವಳ ನಂಬರ್ ಇವರ ಬಳಿಯೂ ಇಲ್ಲ, ಯಾರಿಗೂ ಕೊಡುವುದಿಲ್ಲವಂತೆ. ಈಗಲೇ ಇವರು ಅತ್ತ ಹೊರಟಿದ್ದಾರೆ. ಹೆದರಿಕೆಯಾಗುತ್ತಿದೆ, ಬರೀ ಹೆದರಿಕೆ.

ಬಂದರು. ಎಷ್ಟು ಬಡಿದರೂ ತೆಗೆಯಲಿಲ್ಲವಂತೆ. ಒಳಗೆ ದೀಪ ಇತ್ತಂತೆ, ಬಡಿದ ಮೇಲೆ ಆರಿತಂತೆ. ನಾಳೆ ನೀನು ಹೋಗು, ಹೆಂಗಸಿನ ದನಿ ಕೇಳಿದರೆ ತೆಗೆದಾಳು ಎಂದರು.

ಮಾರ್ಚ್ 14

ಹೋದೆ. ಬಾಗಿಲು ತೆಗೆಯಲಿಲ್ಲ. ಬಾಗಿಲಿಗೇ ಹೇಳಿದೆ ಎಲ್ಲವನ್ನೂ. ನಾನೇ ಹಾಕಿದ್ದು, ನಾನೇ ಹೇಳಿದ್ದು. ಸ್ಕೂಟರ್ ಮಾತು ಹೇಳಿದಾಗ ಒಂದು ಬೀಗ ತೆರೆಯಿತು. ಆಮೇಲೆ ಇನ್ನೊಂದು.

"ಆ ಟೇಪ್ ಸುತ್ತಿದ್ದು ಅವನೇ" ಎಂದಳು. ಇಷ್ಟೇ ಇದ್ದಾಳೆ, ನನ್ನ ಭುಜಕ್ಕೆ ಬರುತ್ತಾಳೆ. ಹೆಗಲ ಮೇಲೆ ಅಳತೆ ಟೇಪು. "ಸ್ಕೂಲ್ ಹೆಸರೂ ಹೇಳಿದ್ರಾ?"

ಹೌದೆಂದು ತಲೆ ಆಡಿಸಿದೆ. ಅವಳು ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ನಾನು ಹಿಂದೆ. ಸೇತುವೆಯ ಮೇಲೆ ಎದುರು ಬಂದ ಗಂಡಸರೆಲ್ಲ ಅವನೇ ಅನ್ನಿಸಿದರು. ನನಗೆ ಅವನ ಮುಖವೇ ಗೊತ್ತಿಲ್ಲ!

ಮಗು ಕ್ಲಾಸಿನಲ್ಲಿತ್ತು. ಬಣ್ಣದ ಪೆನ್ಸಿಲ್ ಚೂಪು ಮಾಡುತ್ತಿತ್ತು. ಅದನ್ನು ಕಂಡ ಮೇಲೆ ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅವಳು ಅಳಲಿಲ್ಲ. ಗೇಟಿನ ಕಾವಲುಗಾರ ಹೇಳಿದ, ನಿನ್ನೆ ಸ್ಕೂಲ್ ಬಿಡುವ ಹೊತ್ತಿಗೆ ಒಬ್ಬರು ಬಂದು ಅಡ್ಮಿಶನ್ ಬಗ್ಗೆ ವಿಚಾರಿಸಿದರು, ಬಹಳ ಒಳ್ಳೆಯವರು ಎಂದು.

ಪೊಲೀಸರ ಹತ್ತಿರ ಹೋದೆವು. ಬರೆದುಕೊಂಡರು. "ಬೀಗ, ಸ್ಕೂಲು ವಿಚಾರಿಸೋದು ಅಪರಾಧ ಅಲ್ವಲ್ಲಮ್ಮ. ಏನಾದ್ರೂ ಆದ್ರೆ ಫೋನ್ ಮಾಡಿ."

ಏನಾದರೂ ಆದ ಮೇಲೆ ಯಾರು ಮಾಡುವುದು?

ತಾಯಿ ಮಗಳನ್ನು ನಮ್ಮ ಮನೆಗೇ ಕರೆತಂದೆ. ಅಂಗಡಿಯ ಹಿಂದಿನ ಕೋಣೆ. ಅತ್ತೆ ಮಂಚ ಬಿಟ್ಟುಕೊಟ್ಟರು.

ಮಾರ್ಚ್ 16

ನಿನ್ನೆ ಬರೆಯಲಾಗಲಿಲ್ಲ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದವಳು ನಾನು. ಯಾರೂ ಬಾಯಿಬಿಟ್ಟು ಅನ್ನುವುದಿಲ್ಲ. ಅವಳಂತೂ ನನ್ನ ಹರಿದ ಪರದೆ ಹೊಲಿದು ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ದೂರದ ಊರಿನಲ್ಲಿ ಅವಳ ಗೆಳತಿ ಇದ್ದಾಳೆ. ನಾಳೆ ಇವರು ವ್ಯಾನಿನಲ್ಲಿ ಬಿಟ್ಟು ಬರುತ್ತಾರೆ. ಊರಿನ ಹೆಸರು ಹೇಳಲು ಬಾಯಿ ತೆರೆದಳು. "ನಂಗೆ ಹೇಳ್ಬೇಡ" ಎಂದೆ. ನನ್ನ ನಾಲಿಗೆಯ ಮೇಲೆ ನನಗೇ ನಂಬಿಕೆ ಇಲ್ಲ.

ಈಗ ತಾನೇ ಹೊಳೆದದ್ದು, ಬರೆಯಲೂ ಭಯ. ನೀಲಿ ಬಾಗಿಲಿನ ಪುಟ ಅಳಿಸಿದೆ. ನಮ್ಮ ಅಂಗಡಿಯದು? ಮ್ಯಾಪ್, ಬೋರ್ಡಿನ ಫೋಟೋ, ತಿರುವಿನ ಗುರುತು, 'ಕಣ್ಣು ಮುಚ್ಚಿಕೊಂಡು ಬನ್ನಿ' ಎಂಬ ಸಾಲು. ಹುಡುಕಿದವರಿಗೆ ಥಟ್ಟನೆ ಸಿಗಲಿ ಎಂದು ಎಷ್ಟು ತಿಂಗಳು ಒದ್ದಾಡಿದ್ದೇನೆ. ಖಾಲಿ ಮನೆ ನೋಡಿದವನು ಮುಂದೆ ಯಾರನ್ನು ಕೇಳುತ್ತಾನೆ? ಮ್ಯಾಪಿನಿಂದ ತೆಗೆಯಲು ಬಟನ್ ಒತ್ತಿದೆ. 'ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ' ಅಂತ ಬರುತ್ತಿದೆ.

ಮಾರ್ಚ್ 17, ಬೆಳಿಗ್ಗೆ 9.30

ಇವರು ವ್ಯಾನ್ ತರಲು ಹೋದರು. ಅತ್ತೆ ಹಿಂದಿನ ಕೋಣೆಯಲ್ಲಿ ಮಗುವಿಗೆ ತಲೆ ಬಾಚುತ್ತಿದ್ದಾರೆ. ಅವಳು ಚೀಲ ಕಟ್ಟಿ ಕೂತಿದ್ದಾಳೆ. ಅಂಗಡಿ ಮುಚ್ಚಿದ್ದರೆ ಅನುಮಾನ, ತೆರೆದಿದ್ದರೆ ಭಯ. ತೆರೆದಿದ್ದೇನೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಹೊರಗೆ ಒಬ್ಬರು ನಿಂತಿದ್ದಾರೆ. ಫೋನ್ ನೋಡಿದರು. ಬೋರ್ಡ್ ನೋಡಿದರು. ಮತ್ತೆ ಫೋನ್.

ಒಳಗೆ ಬಂದರು. ಇಸ್ತ್ರಿ ಮಾಡಿದ ಶರ್ಟು. ಗೋಡೆಯ ಬೀಗಗಳನ್ನು ನೋಡುತ್ತಿದ್ದಾರೆ. ಏನು ಬೇಕು ಎಂದೆ, ತಲೆ ಎತ್ತದೆ.

"ನೀವು ಬರ್ಕೊಳ್ಳಿ ಮೇಡಂ. ನಂಗೇನೂ ಅವಸರ ಇಲ್ಲ."

ಅದೇ ದನಿ.

ಸ್ಟೂಲ್ ಎಳೆದುಕೊಂಡು ಕೂತ. ಬರೆಯುತ್ತಿರುವವರೆಗೂ ಕಾಯುತ್ತಾನೆ. ಬರೆಯುತ್ತೇನೆ. ಏನು ಬರೆಯಲಿ? ಸ್ಕ್ರೂ ಅರ್ಧ ಇಂಚು. ಚಿಲಕ. ಕೊಂಡಿ ದೊಡ್ಡದು, ಕೊಂಡಿ ಚಿಕ್ಕದು. ಇವರೇ ಬೇಗ ಬನ್ನಿ. ಎಣ್ಣೆ ಡಬ್ಬಿ. ಬೇಗ ಬನ್ನಿ. ವ್ಯಾನಿನ ಸದ್ದಿಲ್ಲ. ಹಿಂದಿನ ಕೋಣೆಯವರು ಮಾತು ನಿಲ್ಲಿಸಿದ್ದಾರೆ, ಕೇಳಿಸಿರಬೇಕು. ಚಿಲಕ ಹಾಕಿಕೊಂಡರೋ ಇಲ್ಲವೋ ತಿಳಿಯುತ್ತಿಲ್ಲ.

ಮಗು ಕೆಮ್ಮಿತು.

ಅವನು ಎದ್ದ. "ಒಳಗೆ ಮಗು ಇದ್ಯಾ?"

ಇದೆ ಎಂದೆ.

"ಯಾರದು?"

ನನ್ನದು ಎಂದೆ. ಎದ್ದು ಒಳಬಾಗಿಲಿಗೆ ಅಡ್ಡ ನಿಂತಿದ್ದೇನೆ. ಪುಸ್ತಕ ಕೈಯಲ್ಲೇ ಇದೆ, ಬಾಗಿಲಿಗೆ ಬೆನ್ನು ಒತ್ತಿ ಬರೆಯುತ್ತಿದ್ದೇನೆ. ನನ್ನ ಮಗಳು ಎಂದೆ, ಇನ್ನೊಂದು ಸಲ, ಜೋರಾಗಿ. ಅವನು ನಗುತ್ತಾ ಹತ್ತಿರ