ಚಕ್ಕೆ ಎದ್ದ ಅಕ್ಷರ

ಮದ್ದೂರು
೧೨ ಜನವರಿ ೨೦೨೫

ಮಗಳು ನುಜ್ಹತ್‌ಗೆ ಅಬ್ಬಾನ ಸಲಾಂ.

ನಾನೂ ನಿನ್ನ ಅಮ್ಮಿಯೂ ಚೆನ್ನಾಗಿದ್ದೇವೆ. ನವೆಂಬರಿನಲ್ಲಿ ನೀನು ಕಳಿಸಿದ ಮೆಸೇಜಿಗೆ ಈಗ ಉತ್ತರ ಬರೆಯುತ್ತಿದ್ದೇನೆ, ತಡವಾಯಿತು, ತಪ್ಪು ನನ್ನದೇ. ಫೋನ್ ಮಾಡಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ನನಗೆ ಸಿಟ್ಟು ಬಂದು ಹೇಳಬೇಕಾದ್ದು ಮರೆತೇ ಹೋಗುತ್ತದೆ. ಮನೆಯಲ್ಲಿ ಆಡುವುದು ಉರ್ದು, ಕೈಗೆ ಬರುವುದು ಕನ್ನಡ. ಅದಕ್ಕೇ ಈ ಕಾಗದ. ಅರ್ಧಕ್ಕೆ ಬಿಸಾಕಬೇಡ, ಪೂರ್ತಿ ಓದು.

ನೀನು ಮಾಡಿರುವ ಕಂಪ್ಯೂಟರ್ ಅಕ್ಷರ ನೋಡಿದೆ. ನೋಡಿದ್ದಷ್ಟೇ ಅಲ್ಲ, ಅದರಿಂದ ನಾಲ್ಕು ಜನರ ಮುಂದೆ ಮಾನ ಕಳೆದುಕೊಂಡೆ.

ಹೋದ ವಾರ ಕೊತ್ತತ್ತಿಗೆ ಹೋಗಿ ಬರುವಾಗ ಹನಕೆರೆಯಲ್ಲಿ ಟೀ ಕುಡಿಯಲು ಇಳಿದೆ. 'ಹಟ್ಟಿ ಊಟ' ಅಂತ ಹೊಸ ಹೋಟೆಲು. ಗೋಡೆ ಹೊಸದು, ಕುರ್ಚಿ ಹೊಸದು, ಬೋರ್ಡು ಮಾತ್ರ ಚಕ್ಕೆ ಎದ್ದುಹೋಗಿದೆ. ಟ ಅಕ್ಷರದ ಹೊಟ್ಟೆಯಲ್ಲಿ ಬಣ್ಣವೇ ಇಲ್ಲ. ಯಾವನೋ ಅಡ್ಡಕಸುಬಿ ಥಿನ್ನರ್ ಜಾಸ್ತಿ ಸುರಿದು ಟೋಪಿ ಹಾಕಿದ್ದಾನೆ ಅಂದುಕೊಂಡೆ. ಬೋರ್ಡು ಬರೆಯುವವನ ಚೀಲ, ಬಣ್ಣದ ಡಬ್ಬಿ, ಬ್ರಷ್ಷು ಇದ್ದೇ ಇರುತ್ತವೆ. ಮಾಲೀಕ ಇರಲಿಲ್ಲ, ಏಣಿ ಇತ್ತು, ಹತ್ತಿದೆ. ಪಾಪ, ಈಗಷ್ಟೇ ಬಾಗಿಲು ತೆಗೆದಿದ್ದಾರೆ, ಹೆಸರು ಕೆಡಬಾರದು ಅಂತ ಒಂದೊಂದೇ ಚಕ್ಕೆ ಹುಡುಕಿ ಕೆಂಪು ಎನಾಮೆಲ್ ತುಂಬಿದೆ. ಒಂದು ಗಂಟೆ ಹಿಡಿಯಿತು.

ಇಳಿಯುವ ಹೊತ್ತಿಗೆ ಮಾಲೀಕ ಶಿವರಾಜು ಬಂದ. ಥ್ಯಾಂಕ್ಸ್ ಹೇಳುತ್ತಾನೆ ಅಂತ ನಾನು ಹಲ್ಲು ಕಿರಿದುಕೊಂಡು ನಿಂತಿದ್ದೆ.

"ಯಾರ್ ಯೇಳುದ್ರು ನಿಂಗೆ ಏಣಿ ಅತ್ತಕ್ಕೆ? ಚಕ್ಕೆ ಎದ್ದಂಗಿರ್ಲಿ ಅಂತ್ಲೇ ಆಕ್ಸಿದ್ದು ಕಣಯ್ಯ. ಎಲ್ಲಾನೂ ಆಳ್ ಮಾಡ್ಬುಟ್ಟಲ್ಲ."

ಊಟಕ್ಕೆ ಕುಳಿತವರು ಎಲೆ ಬಿಟ್ಟು ನೋಡಿದರು. ಒಬ್ಬ ವಿಡಿಯೋ ತೆಗೆದ. ಶಿವರಾಜು ಫೋನು ನನ್ನ ಮೂಗಿಗೆ ಹಿಡಿದು ತೋರಿಸಿದ: ಈ ಅಕ್ಷರದ ಹೆಸರು 'ಪಾಷಾ' ಅಂತೆ, ಮೈಸೂರಿನ ಯಾರೋ ಹೆಣ್ಣುಮಗಳು ಮಾಡಿದ್ದಂತೆ. ಆಗ ಸರಿಯಾಗಿ ನೋಡಿದೆ. ಊ ಅಕ್ಷರದ ಬಾಲ ಮೇಲಕ್ಕೆ ಚಿಮ್ಮಿ ನಿಲ್ಲುವುದು ನನ್ನ ಕೈ. ನನ್ನ ಅಕ್ಷರಕ್ಕೆ ನಾನೇ ಬಣ್ಣ ತುಂಬಿದ್ದಕ್ಕೆ ಬೈಸಿಕೊಂಡು ಬಸ್ಸು ಹತ್ತಿದೆ.

ಅವತ್ತು ಸಂಜೆ ನಿನ್ನ ಮೆಸೇಜು ಬಿಡಿಸಿ ಓದಿದೆ. ಹಬ್ಬಕ್ಕೆ ಬಂದಾಗ ಅಟ್ಟದ ಮೇಲೆ ನಮ್ಮ ಅಂಗಡಿಯ 'ನುಜ್ಹತ್ ಆರ್ಟ್ಸ್' ಬೋರ್ಡು ಸಿಕ್ಕಿತಂತೆ, ಫೋಟೋ ತೆಗೆದೆಯಂತೆ. ಇಷ್ಟು ವರ್ಷದ ಬಿಸಿಲು ಮಳೆ ಅಬ್ಬಾನ ಅಕ್ಷರವನ್ನು ಎಷ್ಟು ಚೆಂದ ತಿಂದಿದೆ ಅಂತ ಖುಷಿಪಟ್ಟು, ನಾನು ಕಲಿಸಿದ ವರ್ಣಮಾಲೆಗೆಲ್ಲ ಅದೇ ಗಾಯ ಮಾಡಿದ್ದೀಯ. ಈಗ ಎಲ್ಲಿ ನೋಡಿದರೂ ಅದೇ. ಮಳವಳ್ಳಿ ಬಸ್ಸಿನ ಬೆನ್ನ ಮೇಲೆ ಅದೇ, ಪೂರಿಗಾಲಿ ಬೆಲ್ಲದ ಪ್ಯಾಕೆಟ್ಟಿನ ಮೇಲೆ ಅದೇ. ಪಕ್ಕದ ಮನೆ ಮಂಗಳಮ್ಮನ ಮಗಳು ಶೋಭಿತಾಳ ಲಗ್ನಪತ್ರಿಕೆಯಲ್ಲೂ ಅದೇ. ಮದುವೆ ಹೆಣ್ಣಿನ ಹೆಸರು ಕಿತ್ತುಹೋದ ಹಾಗೆ ಅಚ್ಚಾಗಿದೆ. ಅದನ್ನು ಅರಿಶಿನ ಹಚ್ಚಿ ಹಂಚುತ್ತಿದ್ದಾರೆ. ನಾಚಿಕೆಯಾಗಲಿಲ್ಲವೇ ನಿನಗೆ?

ನನ್ನ ಬಣ್ಣ ಚಕ್ಕೆ ಏಳುತ್ತದೆಯೇ? ಕೊತ್ತತ್ತಿ ಡೈರಿ ಗೋಡೆಗೆ ನೀನು ಹುಟ್ಟಿದ ವರ್ಷ ಬರೆದದ್ದು, ಹೋಗಿ ನೋಡು, ಕೂದಲೆಳೆಯಷ್ಟೂ ಎದ್ದಿಲ್ಲ. ಪ್ರೈಮರ್ ಮೂರು ದಿನ ಒಣಗಬೇಕು, ಮೇಲೆ ಎರಡು ಕೋಟು. ನಿನಗೆ ಇದನ್ನೆಲ್ಲ ಕೈ ಹಿಡಿದು ಕಲಿಸಿದವನು ನಾನು. ಹತ್ತು ವರ್ಷಕ್ಕೇ ನೀನು ಉಸಿರು ಹಿಡಿದು ಒಂದೇ ಎಳೆತಕ್ಕೆ ಗೆರೆ ಎಳೆಯುತ್ತಿದ್ದೆ. ಅಂಥವಳು ಹತ್ತೊಂಬತ್ತಕ್ಕೆ ಮಂಡ್ಯದ ಫ್ಲೆಕ್ಸ್ ಅಂಗಡಿ ಸೇರಿದೆ. ನನ್ನ ಅಂಗಡಿಗೆ ಬೀಗ ಹಾಕಿಸಿದ್ದೇ ಆ ಫ್ಲೆಕ್ಸು. ಈಗ ಮೈಸೂರಿನಲ್ಲಿ ಕುಳಿತು, ಹಾಳಾದ ಕೆಲಸಕ್ಕೆ ನನ್ನ ಹೆಸರಿಟ್ಟು ಮಾರುತ್ತಿದ್ದೀಯ. ಪಾಷಾನ ಅಕ್ಷರ ಅಂದರೆ ಹೀಗೇ ಇರುತ್ತಿತ್ತು ಅಂತ ನಾಳೆ ಮಕ್ಕಳು ತಿಳಿಯುತ್ತಾರೆ.

ಆ ಅಕ್ಷರದಿಂದ ನನ್ನ ಹೆಸರು ತೆಗೆ. ತೆಗೆಯದಿದ್ದರೆ ಈ ಸಲ ಹಬ್ಬಕ್ಕೆ ಬರಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಲ್ಲಾಹ್ ನಿನ್ನ ಕಣ್ಣು, ಕೈ ಎರಡನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಬ್ಬಾ
ಅಫ್ಸರ್ ಪಾಷಾ

ಇನ್ನೊಂದು ಮಾತು. ಕಾಗದವನ್ನು ನಿನ್ನ ಅಮ್ಮಿಗೆ ಓದಿ ಹೇಳಿದೆ. ಅವಳು ಮೆಣಸಿನಕಾಯಿ ತೊಟ್ಟು ಬಿಡಿಸುವುದನ್ನು ನಿಲ್ಲಿಸಿ, "ಬೋರ್ಡು ಹಿತ್ತಲಲ್ಲಿ ಬಿದ್ದಿತ್ತು, ಬಿಸಿಲು ತಿಂದದ್ದು ಅಂತ ಅವಳಿಗೆ ಸುಳ್ಳು ಹೇಳಿದವಳು ನಾನು. ನೀವಾದರೂ ನಿಜ ಬರೆಯಿರಿ" ಅಂದಳು.

ಆ ಬೋರ್ಡು ಅಂಗಡಿಯಲ್ಲಿ ತಗಡಿನ ಚಪ್ಪರದ ಕೆಳಗಿತ್ತು, ಹಿತ್ತಲಿಗೆ ಹೋಗಲೇ ಇಲ್ಲ. ಅದಕ್ಕೆ ಬಿಸಿಲೂ ಬಿದ್ದಿಲ್ಲ, ಮಳೆಯೂ ಬಿದ್ದಿಲ್ಲ. ನೀನು ಮಂಡ್ಯ ಬಸ್ಸು ಹತ್ತಿದ ದಿನ ಅದನ್ನು ಕೆಳಗಿಳಿಸಿ, ನಿನ್ನ ಹೆಸರು ಅಳಿಸಬೇಕೆಂದು ಬಣ್ಣ ಕೆರೆಯುವ ಪಟ್ಟಿಯಲ್ಲಿ ನಾನೇ ಕೆರೆದೆ. ಎರಡು ಕೋಟಿನ ಬಣ್ಣ, ಪೂರ್ತಿ ಬರಲಿಲ್ಲ. ಅಂಗೈ ಕಿತ್ತುಬಂತು. ಅರ್ಧಕ್ಕೇ ಕುಳಿತುಬಿಟ್ಟೆ. ನಿನ್ನ ಕಣ್ಣಿಗೆ ಬೀಳಬಾರದು ಅಂತ ಅಟ್ಟಕ್ಕೆ ಹಾಕಿದ್ದೆ.

ನೀನು ಚೆಂದ ಅಂದ ಒಂದೊಂದು ಗಾಯವೂ ನನ್ನ ಕೈಯದು. ಅದಕ್ಕೆ ನನ್ನ ಹೆಸರಿಟ್ಟಿದ್ದೀಯ, ಗೊತ್ತಿಲ್ಲದೆ ಸರಿಯಾಗಿಯೇ ಇಟ್ಟಿದ್ದೀಯ. ಆದರೂ ತೆಗೆದುಬಿಡು, ಬೇಟಿ.