ಸುತ್ತಿಗೊಂದು ತಡವರಿಕೆ

ಅಕ್ಟೋಬರ್ 8, ಬುಧವಾರ. ಕೊಪ್ಪ.

ಸೋಮವಾರದ ನನ್ನ ವರದಿ ತಪ್ಪಾಗಿತ್ತು. ಇಲ್ಲೇ ಪಕ್ಕದ ನಾರ್ವೆ ಹಳ್ಳಿಯ ಹತ್ತಿರದ ಕಿರು ಜಲವಿದ್ಯುತ್ ಘಟಕದ ಟರ್ಬೈನಿಗೆ ಏನೂ ಆಗಿಲ್ಲ ಎಂದು ಬರೆದಿದ್ದೆ. "ಸುತ್ತಿಗೊಂದ್ಸಲ ತಡವರಿಸ್ತದೆ ಮೇಡಂ, ನಂಗೆ ಕೇಳಿಸ್ತದೆ" ಎಂದಿದ್ದ ಆಪರೇಟರ್ ಮರುಳಸಿದ್ದಪ್ಪನವರಿಗೆ, ಡಾಕ್ಟರಿಗೆ ಕಿವಿ ತೋರಿಸಿಕೊಳ್ಳಿ ಎಂದುಬಿಟ್ಟಿದ್ದೆ.

ಟರ್ಬೈನ್ ತಿರುಗುವಾಗ ಪ್ರತಿ ಸುತ್ತಿಗೂ ಹಲವು ಬಾರಿ ಸೆನ್ಸರಿನಿಂದ ಬರುವ ಪಲ್ಸ್‌ಗಳ, ಅಂದರೆ ವಿದ್ಯುತ್ ಮಿಡಿತಗಳ, ಸಮಯವನ್ನು ಅಂದು ಲ್ಯಾಪ್‌ಟಾಪ್ ಗುರುತು ಹಾಕಿಕೊಂಡಿತ್ತು. ಅದು ತನಗೆ ಬಿಡುವಾದಾಗಷ್ಟೇ ಗಡಿಯಾರ ನೋಡುತ್ತದೆ. ಆ ಏರುಪೇರಿನಲ್ಲಿ ನಿಜವಾದ ವ್ಯತ್ಯಾಸ ಮುಚ್ಚಿಹೋಗಿತ್ತು. ಇವತ್ತು ಸೆನ್ಸರಿನ ವೈರನ್ನು ನಾನು ತಂದಿದ್ದ ಅಳತೆ ಪೆಟ್ಟಿಗೆಯೊಳಗಿನ, ಪಲ್ಸ್ ಎಣಿಸುವ ಕೌಂಟರಿಗೇ ಕೊಟ್ಟೆ. ಅದು ಪ್ರತಿ ಪಲ್ಸನ್ನೂ ತನ್ನದೇ ಗಡಿಯಾರದಲ್ಲಿ ಅಳೆಯುತ್ತದೆ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಪಲ್ಸ್‌ಗಳ ನಡುವಿನ ಅಂತರ ಹಿಗ್ಗುತ್ತಿತ್ತು.

ಯಂತ್ರ ನಿಲ್ಲಿಸಿ ಬಿಚ್ಚಿಸಿದೆವು. ಟರ್ಬೈನಿನ ಶಾಫ್ಟನ್ನು ಜನರೇಟರಿಗೆ ಜೋಡಿಸುವ ಕಪ್ಲಿಂಗ್‌ನಲ್ಲಿ ಬೆರಳುದ್ದದ ಬಿರುಕು. ಅದು ಒಡೆದಿದ್ದರೆ ಚೂರುಗಳು ಹಾರುತ್ತಿದ್ದದ್ದು ಮರುಳಸಿದ್ದಪ್ಪನವರು ದಿನವಿಡೀ ಕೂರುವ ಕುರ್ಚಿಯ ಕಡೆಗೆ.

"ತಪ್ಪು ನಂದೇ ಸಿದ್ದಪ್ಪನವರೆ" ಎಂದೆ.

"ನಿಮ್ಮ ಪೆಟ್ಟಿಗೆಗೂ ಕೇಳಿಸ್ತಲ್ಲ ಮಾರಾಯ್ರೆ, ಸಾಕು ಬಿಡಿ" ಎಂದರು.

ಹೊಸ ವರದಿಯಲ್ಲಿ 'ದೋಷ ಗುರುತಿಸಿದವರು' ಎಂಬ ಜಾಗದಲ್ಲಿ ಅವರ ಹೆಸರು ಬರೆದಿದ್ದೇನೆ. ಆಪರೇಟರ್ ಹೆಸರು ಯಾಕೆ, ತೆಗೆಯಿರಿ ಎಂದು ಮೇಲಿನವರು ಹೇಳಬಹುದು. ಹೇಳಿದರೆ, ಕೆಳಗಿರುವ ನನ್ನ ಸಹಿಯನ್ನೂ ತೆಗೆಯಿರಿ ಎನ್ನುತ್ತೇನೆ.