ಲೌಂಜಿನ ಬಾಗಿಲಲ್ಲಿ ಅಪ್ಪನನ್ನು ಕೇಳಿದ ಮಾತು

ನತೇಟೆ, ಕಂಪಾಲಾ
ನವೆಂಬರ್ ೨೨

ಪ್ರೀತಿಯ ಅತ್ತೆಯವರಿಗೆ,

ದಮಾಲಿ ಮೊಣಕಾಲೂರಿ ಮಾಡುವ ನಮಸ್ಕಾರ. ಮಂಡಿನೋವು ಹೇಗಿದೆ? ಗೊಂಬಾದ ಕಡೆ ಮಳೆ ಹಿಡಿದಿದೆಯಂತೆ, ಬಾಳೆತೋಟಕ್ಕೆ ಒಬ್ಬರೇ ಇಳಿಯಬೇಡಿ. ಅಪ್ಪನನ್ನು ಮಣ್ಣು ಮಾಡಿ ಬಂದವಳು ಒಂದು ಸಾಲೂ ಬರೆಯಲಿಲ್ಲವೆಂದು ಬೇಸರ ಮಾಡಿಕೊಂಡಿರುತ್ತೀರಿ. ಕ್ಷಮಿಸಿ. ಬರೆಯಲು ಕೂತೆ, ಹರಿದು ಹಾಕಿದೆ, ಮತ್ತೆ ಕೂತೆ. ಫೋನಿನಲ್ಲಿ ಹೇಳೋಣವೆಂದರೆ ನಿಮಗೆ ಕಿವಿ ಕೇಳದು. ನಾನು ಕಿರುಚಿದ್ದನ್ನು ನಿಮ್ಮ ಮೊಮ್ಮಗಳು ನಿಮ್ಮ ಕಿವಿಗೆ ಕಿರುಚಬೇಕು, ಅಷ್ಟರಲ್ಲಿ ಊರಿಗೆಲ್ಲ ಸುದ್ದಿ ಮುಟ್ಟಿರುತ್ತದೆ. ಈ ಕಾಗದವನ್ನು ಕನ್ನಡಕ ಹಾಕಿಕೊಂಡು ನೀವೇ ಓದಿ. ಯಾರ ಕೈಗೂ ಕೊಡಬೇಡಿ.

ಮಣ್ಣು ಮಾಡಿದ ದಿನ ಎಲ್ಲರೆದುರು ನೀವು ಕೇಳಿದಿರಿ, "ನನ್ನ ತಮ್ಮನ ಪ್ರಾಣ ಹೋಗುವಾಗ ಯಾರೋ ದಾರಿಹೋಕ ಪಕ್ಕದಲ್ಲಿದ್ದನಂತೆ. ನೀನೆಲ್ಲೇ ಹೋಗಿದ್ದೆ?" ಅಂಗಡಿ ಸುತ್ತಲು ಹೋಗಿದ್ದಳಂತೆ ಎಂದು ಹಿಂದಿನಿಂದ ಯಾರೋ ಗೊಣಗಿದ್ದೂ ಕೇಳಿಸಿತು. ಊರವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಆದರೆ ನಿಮಗೆ ಹೇಳಲೇಬೇಕು. ನಾನು ಹುಟ್ಟಿದಾಗ ನನ್ನ ಹೊಕ್ಕುಳಬಳ್ಳಿಯನ್ನು ಸೋರದ ಹಾಗೆ ಹೆಣೆದ ಬುಟ್ಟಿಯ ನೀರಿಗೆ ಬಿಟ್ಟು, "ತೇಲಿತು! ನಮ್ಮ ಕುಲದ ಕೂಸೇ!" ಎಂದು ಕೂಗಿದವರು ನೀವು.

ಚೆನ್ನೈ ಆಸ್ಪತ್ರೆಯ ಡಾಕ್ಟರು ಕೈಚೆಲ್ಲಿ, "ಮನೆಗೆ ಕರಕೊಂಡು ಹೋಗಮ್ಮ, ತಡ ಮಾಡಬೇಡ" ಅಂದಿದ್ದರು. ಅಪ್ಪನಿಗೆ ಅದೇ ಸಂತೋಷ. "ಅಕ್ಕ ಬಾಳೆಕಾಯಿ ಬೇಯಿಸಿ ಮಾಡೋ ಮತೋಕೆ ತಿಂದು ಸಾಯ್ತೀನಿ ಬಿಡು" ಅಂದರು. ಮನೆ ಮುಟ್ಟಿಸಿದರೆ ಸಾಕು, ಅಂಗಳದ ಹಲಸಿನ ಮರದಡಿ ಒಂದು ದಿನವಾದರೂ ಕೂರಿಸಿದರೆ ಸಾಕು ಎಂದು ನಾನೂ ದೇವರಿಗೆ ಮೊರೆಯಿಟ್ಟೆ. ವಿಮಾನ ಬದಲಿಸಲು ಆಡಿಸ್ ಅಬಾಬಾದಲ್ಲಿ ಬೆಳಿಗ್ಗೆ ಇಳಿದರೆ ನಮ್ಮ ಎಂಟೆಬೆಯ ವಿಮಾನ ತಡ, ಸಂಜೆಗೆ ಅಂದರು.

ಗಾಲಿಕುರ್ಚಿ ತಳ್ಳಿ ತಂದವನು ಅಪ್ಪನನ್ನು ಬೆಂಚಿಗೆ ಇಳಿಸಿ, "ಇನ್ನೊಂದು ಅಜ್ಜಿ ಕಾಯ್ತಿದೆ ಅಕ್ಕಾ" ಎಂದು ಕುರ್ಚಿ ತೆಗೆದುಕೊಂಡು ಹೊರಟೇ ಹೋದ. ಅಲ್ಲಿಯ ಬೆಂಚುಗಳಿಗೆ ನಡುನಡುವೆ ಕಬ್ಬಿಣದ ಕೈಗಳು, ಮಲಗಲಾಗದು. ಹೊಟ್ಟೆಯಲ್ಲಿ ನೀರು ತುಂಬಿದ ಮನುಷ್ಯ ಎಷ್ಟು ಹೊತ್ತು ಕೂತಾರು? ನನ್ನ ಶಾಲನ್ನು ನೆಲಕ್ಕೆ ಹಾಸಿದೆ. ಅಪ್ಪ ಕಣ್ಣು ಕೆಂಪು ಮಾಡಿದರು. "ಹೆಣಾನ ನೆಲದ ಮೇಲೆ ಮಲಗಿಸ್ತಾರೆ. ನಾನಿನ್ನೂ ಸತ್ತಿಲ್ಲ." ಆಮೇಲೆ ಸಣ್ಣ ದನಿಯಲ್ಲಿ, "ಸ್ವಲ್ಪ ಮೈ ಚಾಚಿದ್ರೆ ಊರು ಮುಟ್ತೀನೇನೋ ಕಣೆ" ಅಂದರು.

ಎದುರಿಗೇ ಲೌಂಜು. ಗಾಜಿನ ಬಾಗಿಲು ಸರಿದಾಗಲೆಲ್ಲ ಒಳಗೆ ಉದ್ದನೆಯ ಸೋಫಾಗಳು ಕಾಣುತ್ತಿದ್ದವು. ನಾನು ಓಡಿದೆ. ನಮ್ಮ ಬ್ಯಾಂಕಿನವರು ಕಾರ್ಡು ಕೊಡುವಾಗ ಲೋಕದ ಲೌಂಜುಗಳೆಲ್ಲ ನಿಮ್ಮವೇ ಎಂದಿದ್ದರು. ಅದನ್ನು ಯಂತ್ರಕ್ಕೆ ತಾಗಿಸಿದರೆ ಕೆಂಪು ದೀಪ ಹತ್ತಿತು. ಹಿರುತ್ ಎಂಬ ಹುಡುಗಿ ಅಲ್ಲಿ ಕೂತಿದ್ದಳು. ದುಡ್ಡು ಕೊಡುತ್ತೇನೆ ಅಂದೆ. "ಇವತ್ತು ದುಡ್ಡಿಗೂ ಜಾಗ ಇಲ್ಲ ಅಕ್ಕಾ. ವಿಮಾನಗಳೆಲ್ಲ ತಡ, ಕಾರ್ಡಿನವರಿಗೇ ಸೋಫಾ ಸಾಲ್ತಿಲ್ಲ. ಚಿನ್ನದ ಕಾರ್ಡಿನವರು ಯಾರಾದರೂ ನಿಮ್ಮಪ್ಪನ್ನ ತಮ್ಮ ಅತಿಥಿ ಅಂತ ಕರಕೊಂಡು ಬಂದ್ರೆ ಬಿಡಬಹುದು. ಒಬ್ಬರನ್ನ ಮಾತ್ರ."

ಅತ್ತೆ, ನಾನು ಬಾಗಿಲಲ್ಲಿ ನಿಂತು ಬೇಡಿದೆ. ನಾಚಿಕೆ ಬಿಟ್ಟು ಬೇಡಿದೆ. ಒಬ್ಬಳು ನನ್ನ ಕಡೆ ನೋಡದೆ ದಾಟಿದಳು. ಒಬ್ಬ ಎಳೆಯ ವ್ಯಾಪಾರಿ ಹಲ್ಲು ಬಿಟ್ಟು, "ನೀನು ಬರೋದಾದ್ರೆ ಬಾ, ಮುದುಕನ್ನ ಯಾರು ಹೊರ್ತಾರೆ?" ಅಂದ. ಅವನ ಕಪಾಳಕ್ಕೆ ಬಾರಿಸುವ ಕೈಯನ್ನು ಜೋಡಿಸಿ ಇನ್ನೊಬ್ಬನನ್ನು ಬೇಡಿದೆ. ಹಿಂದಿರುಗಿ ನೋಡಿದರೆ ಅಪ್ಪನ ತಲೆ ಕಬ್ಬಿಣದ ಕೈಯ ಮೇಲೆ ವಾಲಿತ್ತು.

ಆಗ ನಮ್ಮ ಭಾಷೆ ಕಿವಿಗೆ ಬಿತ್ತು. ಕಾಲು ಮುಟ್ಟುವ ಬಿಳಿ ನಿಲುವಂಗಿ ಕಂಜು, ಮೇಲೆ ಕೋಟು ತೊಟ್ಟ ಒಬ್ಬ ಹಿರಿಯರು ಫೋನಿನಲ್ಲಿ ಯಾರನ್ನೋ ಬೈಯುತ್ತ ಬರುತ್ತಿದ್ದರು. ಓಡಿಹೋಗಿ ಅವರ ಮುಂದೆ ಮೊಣಕಾಲೂರಿದೆ. ನಮ್ಮ ಹಿರಿಯರನ್ನು ಇನ್ನು ಹೇಗೆ ಮಾತಾಡಿಸುವುದು? ಕಾವಲಿನವನಿಗೆ ಅದೇನು ಗೊತ್ತು, ಬಂದು ನನ್ನ ರಟ್ಟೆ ಹಿಡಿದ. "ಇಲ್ಲಿ ಭಿಕ್ಷೆ ಬೇಡೋ ಹಾಗಿಲ್ಲ, ಏಳು."

"ಕೈ ತೆಗಿಯಯ್ಯಾ," ಹಿರಿಯರು ಗದರಿದರು. "ನಮ್ಮ ಮಗಳು ನನಗೆ ನಮಸ್ಕಾರ ಮಾಡ್ತಿದಾಳೆ." ನನ್ನ ಕಡೆ ಬಗ್ಗಿ, "ಯಾವ ಕುಲ ಮಗೂ?"

"ಮಿಡತೆ ಕುಲ, ಅಪ್ಪಾ."

ಅವರು ಪಕಪಕನೆ ನಕ್ಕರು. "ನನ್ನದೂ ಅದೇ! ಊರೆಲ್ಲ ಮಿಡತೆ ಹುರಿದು ಹಬ್ಬ ಮಾಡುವಾಗ, ಕುಲದ ಹೆಸರಿನ ಜೀವ ತಿನ್ನಬಾರದು ಅಂತ ಮೂಗು ಮುಚ್ಕೊಂಡು ಕೂರೋ ಪಾಪಿಗಳು ನಾವು. ನಿಮ್ಮಪ್ಪ ಎಲ್ಲಿ? ಅಂದ್ರೆ ನನ್ನ ತಮ್ಮ ಎಲ್ಲಿ?"

ಅವರೇ ಮುದುಕಪ್ಪ ಕಲಿಬ್ಬಾಲ, ನೀವು ದಾರಿಹೋಕ ಅಂದಿರಲ್ಲ, ಅವರು. ಅಪ್ಪನ ಪಕ್ಕ ಕೂತು ತಮ್ಮ ಅಪ್ಪ, ಅಜ್ಜ, ಮುತ್ತಜ್ಜನ ಹೆಸರು ಹೇಳಿ ಪರಿಚಯ ಮಾಡಿಕೊಂಡರು. ಕತ್ತು ಎತ್ತಲಾರದ ಅಪ್ಪ ನೆಟ್ಟಗೆ ಕೂತು ತಮ್ಮ ಪೀಳಿಗೆ ಹೇಳತೊಡಗಿದರು. ದನಿ ನಡುಗುತ್ತಿತ್ತು, ಒಂದು ಹೆಸರೂ ತಪ್ಪಲಿಲ್ಲ. ಮೂಲಪುರುಷನವರೆಗೂ ಹೋಗಿ ನಿಲ್ಲಿಸಿದಾಗ ಇಬ್ಬರೂ ಮುದುಕರು ಕೈ ಕೈ ಹಿಡಿದು ಅತ್ತರು.

ನಾನೂ ಮುದುಕಪ್ಪನೂ ಸೇರಿ ಅಪ್ಪನನ್ನು ಬಾಗಿಲವರೆಗೆ ನಡೆಸಿದೆವು. ಅವರ ಚಿನ್ನದ ಕಾರ್ಡಿನ ಮೇಲೆ ಅತಿಥಿಯೆಂದು ಅಪ್ಪನಿಗೆ ಜಾಗ ಸಿಕ್ಕಿತು. ಹಿರುತ್‌ಗೆ ನನ್ನ ಮೇಲೆ ಕರುಣೆ ಬಂತು. "ಇಷ್ಟು ಕಾಯಿಲೆಯವರ ಜೊತೆ ಹೆತ್ತ ಮಕ್ಕಳು ಇರಬಹುದು, ಹಾಗೊಂದು ನಿಯಮ ಇದೆ. ಆದ್ರೆ ನಿಮ್ಮ ಹೆಸರುಗಳು ಕೂಡ್ತಿಲ್ವಲ್ಲ? ಅವರು ಯೊವಾನ ಸ್ಸೆನ್ಯೋಂಗಾ. ನೀವು ದಮಾಲಿ ನಬಿಸುಬಿ. ನಮ್ಮಲ್ಲಿ ಮಕ್ಕಳ ಹೆಸರಿನ ಹಿಂದೆ ಅಪ್ಪನ ಹೆಸರು ಬರುತ್ತೆ."

"ನಮ್ಮಲ್ಲಿ ಬರಲ್ಲ ತಾಯಿ," ಮುದುಕಪ್ಪ ಅಂದರು. "ಕುಲದಲ್ಲಿರೋ ಹೆಸರು ಒಬ್ಬೊಬ್ಬರಿಗೆ ಒಂದೊಂದು. ಅಪ್ಪಂದೇ ಬೇರೆ, ಮಗಳದೇ ಬೇರೆ."

"ಸರಿ, ಅಜ್ಜನೇ ಒಂದು ಮಾತು ಹೇಳಿಬಿಡಲಿ, ಬಿಡ್ತೀನಿ," ಎಂದು ಹುಡುಗಿ ಅಪ್ಪನನ್ನು ಕೇಳಿದಳು. ಅಪ್ಪ ಉತ್ತರ ಕೊಟ್ಟರು. ನಾನು ಹೊರಗೆ ಉಳಿದೆ. ಏನು ಅಂದರೆಂದು ಈಗ ಬರೆಯಲು ಕೈ ಬರುತ್ತಿಲ್ಲ, ಕೊನೆಗೆ ಬರೆಯುತ್ತೇನೆ.

ಬಾಗಿಲು ಸರಿದಾಗಲೆಲ್ಲ ಸೋಫಾದ ತುದಿಯಲ್ಲಿ ಅಪ್ಪನ ಕಾಲು ಕಾಣುತ್ತಿತ್ತು. ಒಂದು ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ ಬಂದಿತ್ತು. ಹೊಲಿದುಕೊಡುತ್ತೇನೆಂದು ಚೆನ್ನೈಯಲ್ಲಿ ಹೇಳಿ ಮರೆತಿದ್ದೆ. ಆ ಬೆರಳು ಅಲುಗಿದರೆ ಉಸಿರು ಬರುತ್ತಿತ್ತು ನನಗೆ. ಮಧ್ಯಾಹ್ನ ಮುದುಕಪ್ಪ ಕೋಟಿನೊಳಗೆ ಏನನ್ನೋ ಬಚ್ಚಿಟ್ಟುಕೊಂಡು ಹೊರಗೆ ಬಂದರು. ಒಂದು ಬನ್ನು. "ಇಲ್ಲಿಂದ ತಿಂಡಿ ಹೊರಗೆ ತರೋ ಹಾಗಿಲ್ಲ, ನಿಮ್ಮಪ್ಪ ನನ್ನನ್ನ ಕಳ್ಳ ಮಾಡಿದ. 'ನನ್ನ ಮಗಳು ಹಸ್ಕೊಂಡು ನಿಂತಿದಾಳೆ, ಕೊಟ್ಟು ಬಾ' ಅಂದ. ಶುಂಠಿ ಚಹಾ ಕುಡಿದ, ಕಾಲು ಚಾಚಿ ಮಲಗಿದಾನೆ. ಹೆದರಬೇಡ."

ಅದಾದ ಮೇಲೆ ಬೆರಳು ಅಲುಗಲಿಲ್ಲ. ಗಾಜು ಬಡಿದೆ. ಕಾವಲಿನವನು ಮತ್ತೆ ರಟ್ಟೆ ಹಿಡಿದ. ಅಷ್ಟರಲ್ಲಿ ಮುದುಕಪ್ಪ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದರು. ಆಗ ನನ್ನನ್ನು ಒಳಗೆ ಕರೆದರು, ಅತ್ತೆ! ಹೆಣಕ್ಕೆ ವಾರಸುದಾರರು ಬೇಕಲ್ಲ. ನೀನು ಯಾರು, ಹೆಸರು ಯಾಕೆ ಕೂಡುವುದಿಲ್ಲ ಎಂದು ಆಗ ಒಬ್ಬರೂ ಕೇಳಲಿಲ್ಲ. "ಇಲ್ಲಿ ಸಹಿ ಹಾಕಿ, ಮಗಳು ಅಂತ ಬರೀರಿ" ಅಂದರು. ಬರೆದೆ.

ನಾನು ಎಲ್ಲಿದ್ದೆ ಎಂದು ಕೇಳಿದಿರಲ್ಲ, ಅಲ್ಲಿದ್ದೆ. ಗಾಜಿನ ಇತ್ತ ಕಡೆ.

ಮುದುಕಪ್ಪ ಕಲಿಬ್ಬಾಲ ಕರ್ಮಾಂತರಕ್ಕೆ ಬರುತ್ತೇನೆ ಅಂದಿದ್ದಾರೆ. ಅವರನ್ನು ಬಾಗಿಲಲ್ಲಿ ನಿಲ್ಲಿಸಬೇಡಿ, ಒಳಗೆ ಕರೆದು ಕೂರಿಸಿ. ನಿಮ್ಮ ಆರೋಗ್ಯ ನೋಡಿಕೊಳ್ಳಿ, ಬಿಸಿನೀರಲ್ಲಿ ಮಂಡಿ ಕಾಸಿಕೊಳ್ಳಿ. ದೇವರು ನಿಮ್ಮನ್ನಾದರೂ ನನಗೆ ಉಳಿಸಲಿ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ, ಈಗ ಅದು ಎಂದಿಗಿಂತ ಬೇಕು.

ನಿಮ್ಮ
ದಮಾಲಿ

ಮರೆತಿಲ್ಲ, ಬರೆಯುತ್ತೇನೆ: ಹಿರುತ್ ಬಗ್ಗಿ, "ಅಜ್ಜಾ, ಇವಳು ನಿಮ್ಮ ಮಗಳಾ?" ಎಂದು ಕೇಳಿದಳು. ಅಪ್ಪ ನನ್ನ ಮುಖ ನೋಡಿದರು. "ಮಗಳಿಗಿಂತ ಹೆಚ್ಚಾಗಿ ಸಾಕಿದೀನಿ" ಅಂದರು. ಅವಳು ಬಿಡಲಿಲ್ಲ. "ಹೆತ್ತ ಮಗಳಾ?" ಅಪ್ಪ ಕಣ್ಣು ಮುಚ್ಚಿದರು. "ಅಲ್ಲ." ನಂಜು ತಲೆಗೇರಿದೆ ಎಂದು ಮುದುಕಪ್ಪ ನನ್ನ ಬೆನ್ನು ಸವರಿದರು. ಆದರೆ ಆಗಷ್ಟೇ ಒಂದೂ ತಪ್ಪದೆ ಪೀಳಿಗೆ ಹೇಳಿದ ತಲೆ ಅದು. ಹಿರಿಯರ ಹೆಸರು ಹೇಳಿದ ಬಾಯಲ್ಲೇ ಸುಳ್ಳು ಹೇಳಲಾರದೆ ಹೋದರೋ ಏನೋ. ಈಗ ಮಿಡತೆ ಕಾಲ, ಪಕ್ಕದ ಮನೆಯಲ್ಲಿ ಹುರಿಯುವ ವಾಸನೆ ಬರುತ್ತಿದೆ. ಹುಟ್ಟಿದಾಗಿನಿಂದ ನಾನು ಒಂದನ್ನೂ ಬಾಯಿಗಿಟ್ಟವಳಲ್ಲ. ನನ್ನ ಮದುವೆಗೆ ಮುಂಚೆ ನೀವೇ ನಗುತ್ತ ಹೇಳಿದ್ದಿರಿ, ಅನುಮಾನ ಇರುವ ಕಡೆ ಹೆಂಗಸರು ಕದ್ದು ಹೊಕ್ಕುಳಬಳ್ಳಿಗೆ ಬೆಣ್ಣೆ ಸವರುತ್ತಾರೆ, ಬೆಣ್ಣೆ ಸವರಿದ್ದು ಮುಳುಗುವುದಿಲ್ಲ ಎಂದು. ಅಮ್ಮ ಇಲ್ಲ, ಈಗ ಅಪ್ಪನೂ ಇಲ್ಲ, ನಿಮ್ಮನ್ನಲ್ಲದೆ ಯಾರನ್ನು ಕೇಳಲಿ? ನನ್ನ ಬಳ್ಳಿ ತಾನಾಗಿ ತೇಲಿತೇ ಅತ್ತೆ, ಬೆಣ್ಣೆ ಸವರಿದ್ದಿರಾ? ಸವರಿದ್ದರೆ, ಸವರಿದ ಕೈ ನಿಮ್ಮದೇ ಎಂದಾದರೂ ಬರೆಯಿರಿ.